ವೆನಿಲ್ಲಾ ವ್ರತ

ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಎತ್ತಿದ ಹಾಗೇ ನಿಂತವು. ತೂಕದ ಯಂತ್ರದ ಮೇಲೆ ಬರಿಗಾಲಲ್ಲಿ ನಿಂತಿದ್ದ ಲಸ್ತ್ರಿ ಬಗ್ಗಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಬೀದಿಯ ಹೆಂಗಸರ ಮುಖಗಳೇ ಹೇಳುತ್ತಿದ್ದವು, ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟೇ ಇದೆ ಎಂದು.

"ಇಳಿದು ಇನ್ನೊಂದ್ಸಲ ಹತ್ತೇ," ಅಂದಳು ರೆತ್ನೊ ಚಿಕ್ಕಮ್ಮ. "ಉಸಿರು ಪೂರ್ತಿ ಬಿಟ್ಬಿಟ್ಟು ಹತ್ತು."

"ಉಸಿರಿಗೆಷ್ಟು ತೂಕ ಚಿಕ್ಕಮ್ಮ?"

"ಬಾಯಿಗೇನೂ ಕಮ್ಮಿಯಿಲ್ಲ. ಹತ್ತು ಅಂದ್ರೆ ಹತ್ತು."

ಲಸ್ತ್ರಿ ಇಳಿದಳು, ಹತ್ತಿದಳು. ಯಂತ್ರ ಮಾತು ಬದಲಿಸಲಿಲ್ಲ. ಚಿಕ್ಕಮ್ಮ ನಿಟ್ಟುಸಿರು ಬಿಟ್ಟು ಮಿಕ್ಸಿಯ ಕಡೆ ಹೋದಳು. ಕೆದಿರಿ ಊರಿನಲ್ಲಿ, ಸೋಯಾ ಹಾಲು ಒಡೆಸಿ ಗಿಣ್ಣಿನಂಥ ತಾಹು ಮಾಡುವವರೇ ಇರುವ ತಾಹು ಬೀದಿಯಲ್ಲಿ ಅವಳ ಮನೆಯ ಮುಂಗೋಣೆಯೇ ಈಗ ಆರೋಗ್ಯ ಕೂಟ. ಬೆಳಗಾದರೆ ಹೆಂಗಸರು ಬಂದು ಸಾಲಾಗಿ ತೂಕ ನೋಡಿಕೊಳ್ಳಬೇಕು. ಇಳಿದವರಿಗೆ ಚಪ್ಪಾಳೆ, ಇಳಿಯದವರಿಗೆ ಮೌನ. ಆಮೇಲೆ ಇಬ್ಬರಿಗೂ ಉದ್ದನೆಯ ಲೋಟದ ತುಂಬ, ಚಿಕ್ಕಮ್ಮನೇ ಮಾರುವ ಡಬ್ಬಿಯ ಪುಡಿ ಕಲಸಿದ, ನೊರೆಯೆದ್ದ ಶೇಕ್. ನಾಲ್ಕು ಜನರೆದುರು ನಿಂತು ತನ್ನ ಮೈಯ ಲೆಕ್ಕ ಒಪ್ಪಿಸುವ ಈ ಪದ್ಧತಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ಅವನು ಕೈಗೆ ಸಿಕ್ಕರೆ ಸೋಯಾ ಹಿಂಡುವ ಬಟ್ಟೆಯಲ್ಲಿ ಸುತ್ತಿ ಹಿಂಡಿಬಿಡಬೇಕು ಎಂದು ಲಸ್ತ್ರಿಗೆ ದಿನಾ ಅನ್ನಿಸುತ್ತಿತ್ತು.

ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಸುತ್ತಿದ್ದದ್ದು ಗೋಡೆಯ ಮೇಲಿನ ಚಿತ್ರಪಟ. ಎಡಗಡೆ ಅವಳದೇ ಫೋಟೋ, ದೊಡ್ಡದಾಗಿ. ತಾಹು ಜೋಡಿಸಿದ ಮರದ ತಟ್ಟೆ ಹೆಗಲ ಮೇಲೆ, ಬೆವರಿಗೆ ಅಂಟಿದ ಅಂಗಿ, ನಗುವಾಗ ಮಡಿಕೆ ಬಿದ್ದ ಗಲ್ಲ. ಮೇಲೆ ಕೆಂಪಕ್ಷರದಲ್ಲಿ 'ಮೊದಲು'. ಬಲಗಡೆ ಖಾಲಿ, ಮೇಲೆ ಹಸಿರಕ್ಷರದಲ್ಲಿ 'ನಂತರ'. ಲಸ್ತ್ರಿಯ ಮದುವೆಯ ದಿನ ತೆಗೆಯುವ ಫೋಟೋ ಅಲ್ಲಿಗೆ ಬರಬೇಕು. ತಾಹು ಬೀದಿಯ ದಪ್ಪ ಹುಡುಗಿಯೇ ಕರಗಿದಳೆಂದರೆ ಇನ್ಯಾರು ತಾನೆ ಕರಗದೆ ಉಳಿದಾರು ಎಂದು ಚಿಕ್ಕಮ್ಮನ ಎಣಿಕೆ. ಎಡಗಡೆಯ ಆ ಫೋಟೋ ಅವಳಿಗೆ ಎಲ್ಲಿಂದ ಸಿಕ್ಕಿತು ಎಂದು ಲಸ್ತ್ರಿ ಕೇಳಿದಾಗೆಲ್ಲ ಮಿಕ್ಸಿ ಜೋರಾಗಿ ತಿರುಗುತ್ತಿತ್ತು.

"ನಂಗೆ ಇವತ್ತಿಂದ ಇದು ಬೇಡ," ಅಂದಳು ಲಸ್ತ್ರಿ, ಲೋಟ ಕೈಗೆ ಬಂದಾಗ. "ಮುತಿಹ್ ಶುರು ಆಗಿದೆಯಲ್ಲ. ಅನ್ನ ತಿಂದು ನೀರು ಕುಡೀತೀನಿ."

ಮದುವೆಗೆ ಮುಂಚೆ ಹುಡುಗಿ ಮುತಿಹ್ ಹಿಡಿಯುವುದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಂದದ್ದು. ಉಪ್ಪಿಲ್ಲದ ಬಿಳಿ ಅನ್ನ, ಬರೀ ನೀರು, ಬೇರೆ ಏನನ್ನೂ ಮುಟ್ಟುವಂತಿಲ್ಲ. ಮನಸ್ಸು ತಿಳಿಯಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ ಅನ್ನುತ್ತಾರೆ. ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲರನ್ನೂ ಒಮ್ಮೆ ನೋಡಿದಳು.

"ಮುತಿಹ್ ಅಂದ್ರೇನ್ರಮ್ಮಾ? ಬಿಳೀದು. ಬಿಳೀದು ಬಿಟ್ಟು ಇನ್ನೊಂದು ಹೊಟ್ಟೆಗೆ ಹೋಗಬಾರದು, ಅಷ್ಟೇ ತಾನೆ? ಇದ್ಯಾವ ಬಣ್ಣ?"

"ಬಿಳಿ," ಅಂದಳು ಮೂಲೆಯಲ್ಲಿದ್ದ ಒಬ್ಬಳು.

"ಹಾಂ! ಚಾಕಲೇಟ್ ಕೊಟ್ಟಿದ್ರೆ ವ್ರತ ಕೆಡ್ತಿತ್ತು. ನಾನು ಕೊಡ್ತಿರೋದು ವೆನಿಲ್ಲಾ. ಅನ್ನದಲ್ಲಿ ಬರೀ ಸಕ್ಕರೆ ಆಗೋ ವಸ್ತು. ಇದ್ರಲ್ಲಿ ಪ್ರೋಟೀನ್. ವ್ರತಕ್ಕೆ ವ್ರತಾನೂ ಆಯ್ತು, ಸೊಂಟಕ್ಕೆ ಸೊಂಟಾನೂ ಆಯ್ತು. ಅನ್ನ ಒಂದು ಅಗುಳೂ ಮುಟ್ಟಬೇಡ. ಮೂರು ಹೊತ್ತೂ ಇದೇ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಇಡೀ ಬೀದಿ ಈ ತರ್ಕವನ್ನು ಶೇಕಿನ ಜೊತೆಗೇ ನುಂಗಿತು. ಕೊನೆಗೆ ಲಸ್ತ್ರಿಯೂ ನುಂಗಿದಳು. ಮದುವೆಗೆ ಇನ್ನು ಕೆಲವೇ ದಿನ ಇತ್ತು, ಜಗಳವಾಡಲು ಮೈಯಲ್ಲಿ ಕಸುವಿರಲಿಲ್ಲ.

ಇದೆಲ್ಲ ಶುರುವಾದದ್ದು ನಿಶ್ಚಿತಾರ್ಥದ ದಿನ. ಮದುಮಗ ಸೆನೊನ ತಾಯಿ ಹರ್ತಿನಿಯಮ್ಮ ತಮ್ಮ ಕಡೆಯ ದರ್ಜಿಯನ್ನೇ ಕರೆತಂದಿದ್ದರು. ಮದುವೆಯ ಕೆಬಾಯ, ಆ ಜರಿ ಕಸೂತಿಯ ಉದ್ದ ರವಿಕೆ, ಗಂಡಿನ ಕಡೆಯಿಂದಲೇ ಬರುತ್ತದೆ ಎಂದು ಪಟ್ಟು ಹಿಡಿದಿದ್ದರು. ಟೇಪನ್ನು ಲಸ್ತ್ರಿಯ ಸೊಂಟಕ್ಕೆ ತಾವೇ ಸುತ್ತಿ, ಕನ್ನಡಕ ಮೇಲೆತ್ತಿ ಓದಿ, "ಅಯ್ಯೋ ದೇವರೇ" ಅಂದು, ದರ್ಜಿಗೆ ಹೇಳಿದ್ದು ಮಾತ್ರ ಬೇರೊಂದು ಅಳತೆ. ತಮ್ಮ ಕಿರಿಯ ಮಗಳ ಅಳತೆ.

"ಅಷ್ಟಕ್ಕೆ ಹೊಲಿ. ಅಷ್ಟೊತ್ತಿಗೆ ಇಳಿಸ್ಕೋತಾಳೆ. ಮದುಮಕ್ಕಳು ಕೂರೋ ಪೀಠ ಇಬ್ಬರಿಗೆ ಮಾಡಿಸಿದ್ದು, ಮೂವರಿಗಲ್ಲ!"

ಎಲ್ಲರೂ ನಕ್ಕರು. ಅಪ್ಪ ಕರ್ಸೊ ಮಾತ್ರ ನಗದೆ ಟೀ ಲೋಟದೊಳಗೆ ನೋಡುತ್ತಾ ಕೂತಿದ್ದ. ಸೆನೊ ನಕ್ಕಿದ್ದ. ಅದು ಲಸ್ತ್ರಿಯ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದು ಉಳಿಯಿತು. ಯಾಕೆಂದರೆ ಅವನು ಅವಳನ್ನು ಮೆಚ್ಚಿದ್ದೇ ಈ ಮೈಯನ್ನು ನೋಡಿ. ಅವನದು ಸೋಯಾ ಕಾಳಿನ ಮಂಡಿ. ಲಸ್ತ್ರಿಯ ಮನೆಯ ತಾಹು ಕಾರ್ಖಾನೆಗೆ ಕಾಳಿನ ಮೂಟೆ ಇಳಿಸಲು ಲಾರಿಯ ಜೊತೆ ಬಂದವನು, ಕೂಲಿಯವರಿಗೂ ಕಾಯದೆ ಅವಳೇ ಮೂಟೆಯನ್ನು ಒಂದೇ ಎತ್ತಿಗೆ ಬೆನ್ನಿಗೆ ಹಾಕಿಕೊಂಡದ್ದನ್ನು ಕಂಡು ಬಾಯಿ ಬಿಟ್ಟು ನಿಂತಿದ್ದ. "ಇನ್ನೊಂದ್ಸಲ ಎತ್ತು, ಸರಿಯಾಗಿ ನೋಡಲಿಲ್ಲ" ಅಂದಿದ್ದ. ಎರಡು ವರ್ಷ ಅದೇ ನೆಪ ಹೇಳಿಕೊಂಡು ಬಂದ. ಅಂಥವನು ತಾಯಿಯ ಮುಂದೆ ಹಲ್ಲು ಕಿರಿದು ಕೂತಿದ್ದ.

ಮುತಿಹ್ ಹಿಡಿದ ಮೇಲೆ ಲಸ್ತ್ರಿಗೆ ಸಿಟ್ಟು ಹಸಿವಿನಿಂದ ಬರುತ್ತಿದೆಯೋ ಹಸಿವೇ ಸಿಟ್ಟಾಗಿ ಬರುತ್ತಿದೆಯೋ ತಿಳಿಯದಾಯಿತು. ಬೆಕ್ಕು ಅಡ್ಡ ಬಂದರೆ ಬೈದಳು, ಬಾಗಿಲು ಕಿರುಗುಟ್ಟಿದರೆ ಒದ್ದಳು. ತಾಹು ಕರಿಯುವ ವಾಸನೆ ಬೀದಿಗೆಲ್ಲ ಹಬ್ಬುವ ಹೊತ್ತಿಗೆ ಕಣ್ಣಲ್ಲಿ ನೀರು ಬರುತ್ತಿತ್ತು.

"ಒಂದು ತುತ್ತು ಅನ್ನ ತಿನ್ನೇ," ಅಂದಳು ಅಮ್ಮ ಸುಮಿರಾ, ನಾಲ್ಕನೆಯ ಬೆಳಿಗ್ಗೆ, ತಟ್ಟೆ ಹಿಡಿದು ಹಿಂದೆ ಹಿಂದೆ ಬರುತ್ತಾ. "ಅನ್ನ ತಿನ್ನೋ ವ್ರತ ಕಣೆ ಅದು. ನಮ್ಮಜ್ಜಿ ಹೇಳಿದ್ದು ಅನ್ನ ಬಿಟ್ಟು ಬೇರೆ ತಿನ್ನಬೇಡ ಅಂತ. ಅನ್ನಾನೇ ಬಿಡು ಅಂತ ಯಾವ ಅಜ್ಜೀನೂ ಹೇಳಿಲ್ಲ."

"ಈಗ ಹೇಳ್ತಿದೀಯ! ನಿನ್ನ ತಂಗಿ ಎದುರಿಗೆ ನಾಲಿಗೆ ಎಲ್ಲಿ ಹೋಗಿತ್ತು?"

ತಂಗಿಯ ಮಾತು ಸುಮಿರಾಗೂ ಹಿತವಾಗಿಯೇ ಕೇಳಿಸಿತ್ತು. ಮಂಡಿಯ ಮನೆಗೆ ಮಗಳು ಸೊಸೆಯಾಗಿ ಹೋಗುವುದು ಅಂದರೆ ಸಣ್ಣ ಮಾತೇ? ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅವಳು ಒಲೆಗೆ ಸೌದೆ ತಳ್ಳಿದಳು.

ಕಾರ್ಖಾನೆ ಎಂದರೆ ಮನೆಯ ಹಿಂದಿನ ತಗಡಿನ ಮಾಡು. ದೊಡ್ಡ ಕಡಾಯಿಯಲ್ಲಿ ಸೋಯಾ ಹಾಲು ಕುದಿಯುತ್ತಿತ್ತು. ಮದುಮಗಳು ಕೆಲಸಕ್ಕೆ ಕೈ ಹಚ್ಚಬಾರದು ಎಂದು ಅಮ್ಮ ಹೇಳಿದರೂ ಅವತ್ತು ಮದುವೆಯೂಟಕ್ಕೆ ಬೇಕಾದ ತಾಹುವೂ ಸೇರಿ ಎರಡರಷ್ಟು ಕೆಲಸವಿತ್ತು. ಲಸ್ತ್ರಿ ಉಕ್ಕುತ್ತಿದ್ದ ನೊರೆಯನ್ನು ಸೌಟಿನಿಂದ ತೆಗೆಯುತ್ತಾ ನಿಂತಳು. ಬಿಳಿ ನೊರೆ. ಚಿಕ್ಕಮ್ಮನ ಲೋಟದ ನೊರೆಯ ಹಾಗೇ ಇದೆಯಲ್ಲ ಅಂದುಕೊಂಡಳು. ಆಮೇಲೆ ಆ ಬಿಳಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಕಿವಿಯಲ್ಲಿ ಯಾರೋ ಸೀಟಿ ಊದಿದ ಹಾಗಾಯಿತು.

ಕರ್ಸೊ ಹಿಂಡುವ ಬಟ್ಟೆಯನ್ನು ಎಸೆದು ಓಡಿ ಬಂದವನು ಕಡಾಯಿಯತ್ತ ವಾಲುತ್ತಿದ್ದ ಮಗಳನ್ನು ತನ್ನ ಎದೆಯಿಂದ ತಳ್ಳಿ ಆಚೆ ಕೆಡವಿದ. ತಳ್ಳಿದ ರಭಸಕ್ಕೆ ಅವನ ಬಲಗೈ ಮೊಣಕೈವರೆಗೆ ಕಡಾಯಿಯೊಳಗೆ ಹೋಯಿತು. ಅವನು ಕಿರುಚಿದ್ದನ್ನು ಬೀದಿಯ ತುದಿಯವರೂ ಕೇಳಿದರು.

ಆರೋಗ್ಯ ಕೇಂದ್ರದಲ್ಲಿ ಅಪ್ಪನ ಕೈಗೆ ಮುಲಾಮು ಹಚ್ಚಿ ಬಿಳಿ ಪಟ್ಟಿ ಸುತ್ತುತ್ತಿದ್ದರು. ಪಕ್ಕದ ಮಂಚದಲ್ಲಿ ಲಸ್ತ್ರಿಗೆ ಗ್ಲೂಕೋಸ್ ಹನಿಯುತ್ತಿತ್ತು. ವಯಸ್ಸಿನಲ್ಲಿ ಅವಳಿಗಿಂತ ಅಷ್ಟೇನೂ ದೊಡ್ಡವಳಲ್ಲದ ಡಾಕ್ಟರಮ್ಮ ಕುರ್ಚಿ ಎಳೆದು ಕೂತಳು.

"ದಿನಕ್ಕೆ ಏನೇನು ತಿಂತಿದ್ದೆ?"

"ಪುಡಿ. ನೀರಲ್ಲಿ ಕಲಸಿ. ಮೂರು ಹೊತ್ತು."

"ಅದರ ಜೊತೆಗೆ?"

"ನೀರು."

ಡಾಕ್ಟರಮ್ಮ ಗ್ಲೂಕೋಸಿನ ಹನಿ ಸ್ವಲ್ಪ ಜೋರು ಮಾಡಿದಳು. "ನೋಡಮ್ಮಾ, ಪುಡಿ ವಿಷ ಅಲ್ಲ. ಪ್ರೋಟೀನ್ ಇದೆ, ಹೊಟ್ಟೆ ತುಂಬಿದ ಹಾಗಿರತ್ತೆ. ಒಂದು ಹೊತ್ತಿನ ಊಟದ ಬದಲು ಅದನ್ನ ಕುಡಿದು, ಮಿಕ್ಕ ಹೊತ್ತು ಅನ್ನ ತರಕಾರಿ ಹದವಾಗಿ ತಿಂದ್ರೆ ತೂಕ ನಿಧಾನಕ್ಕೆ ಇಳಿದ್ರೂ ಇಳೀಬಹುದು. ಅದನ್ನೇ ಅನ್ನ ಮಾಡ್ಕೊಂಡು ಮೂಟೆ ಹೊತ್ರೆ? ಮೈಗೆ ಕಸುವು ಎಲ್ಲಿಂದ ಬರಬೇಕು? ನಿನ್ನ ಮಾಂಸಾನೇ ಕರಗಿಸಿ ತಿನ್ನತ್ತೆ. ಮೊದಮೊದಲು ತೂಕ ಇಳಿದಿದ್ರೆ ಅದು ಹೆಚ್ಚಿನಂಶ ನೀರು. ಕೊಬ್ಬಲ್ಲ."

"ಆ ಡಬ್ಬೀಲಿ ಇರೋದು ಏನಮ್ಮಾ?" ಎಂದ ಕರ್ಸೊ ನರಳುತ್ತಲೇ.

"ಪುಡೀಲಾ? ಸೋಯಾ. ಅದಕ್ಕೆ ಸಕ್ಕರೆ, ಸುವಾಸನೆ, ಒಂದಿಷ್ಟು ವಿಟಮಿನ್ನು."

"ಸೋಯಾ?" ಕರ್ಸೊಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಗು ಬಂತು. ನಗುತ್ತಾ ನಗುತ್ತಾ ಸುಟ್ಟ ಕೈ ಅಲುಗಿ ನೋವಾಗಿ, "ಥೂ, ಅವಳ ಮನೆ ಹಾಳಾಗ!" ಎಂದು ನಾದಿನಿಗೆ ಶಾಪ ಹಾಕಿದ. "ನನ್ನ ಮಗಳಿಗೆ ಸೋಯಾ ಬೇಕಾಗಿದ್ರೆ ಕಡಾಯೀಲಿ ಈಜೋವಷ್ಟಿತ್ತು!"

ಲಸ್ತ್ರಿ ನಗಲಿಲ್ಲ. ಅಪ್ಪನ ಕೈಯ ಪಟ್ಟಿ ನೋಡುತ್ತಿದ್ದಳು. ಆ ಕೈ ತಿಂಗಳೊಪ್ಪತ್ತು ಕೆಲಸಕ್ಕೆ ಬರುವುದಿಲ್ಲ. ಅವಳು ಫೋನು ತೆಗೆದುಕೊಂಡಳು. ಮದುವೆ ಮುಗಿಯುವವರೆಗೆ ಗಂಡು ಹೆಣ್ಣು ಮುಖ ನೋಡುವಂತಿಲ್ಲ. ಮಾತಾಡಬಾರದೆಂದು ಯಾರೂ ಹೇಳಿರಲಿಲ್ಲ.

"ಬಿದ್ದೆಯಂತೆ?" ಅಂದ ಸೆನೊ. "ಪೆಟ್ಟಾಗಿಲ್ಲ ತಾನೆ? ಮುಖಕ್ಕೇನೂ ಆಗಿಲ್ಲ ತಾನೆ?"

"ಅಪ್ಪನ ಕೈ ಬೆಂದಿದೆ."

"ಅಯ್ಯೋ. ಪಾಪ."

"ಸೆನೊ, ನಿಮ್ಮಮ್ಮನಿಗೆ ಒಂದು ಮಾತು ಹೇಳು. ಕೆಬಾಯ ಬಿಚ್ಚಿಸಿ ನನ್ನ ಅಳತೆಗೆ ಹೊಲಿಸಲಿ. ಇನ್ನೂ ಟೈಮಿದೆ."

ಆ ಕಡೆ ಕಾಳಿನ ಮೂಟೆ ದೊಪ್ಪನೆ ಬಿದ್ದ ಸದ್ದು. "ಇನ್ನೇನು ಮುಗೀತಲ್ಲ ಲಸ್ತ್ರಿ, ಇವತ್ತೊಂದಿನ ನಾಳೆಯೊಂದಿನ. ಸ್ವಲ್ಪ ತಡ್ಕೋ. ಈಗ ಅಮ್ಮನಿಗೆ ಹೇಳಿ ಯಾಕೆ ಗಲಾಟೆ? ಆಮೇಲೆ ಬೇಕಾದಷ್ಟು ತಿನ್ನು, ನಾನೇ ತಂದು ಹಾಕ್ತೀನಿ."

"ಚಿಕ್ಕಮ್ಮನಿಗೆ ನನ್ನ ಫೋಟೋ ಯಾರು ಕೊಟ್ಟಿದ್ದು?"

"ಯಾವ್ದು?"

"ನೀನು ತೆಗೆದಿದ್ದು. ತಟ್ಟೆ ಹೊತ್ಕೊಂಡು ನಗ್ತಾ ಇರೋದು. ಇದಕ್ಕಿಂತ ಚೆಂದದ್ದು ನನ್ನ ಹತ್ರ ಇನ್ನೊಂದಿಲ್ಲ ಅಂದಿದ್ದೆಯಲ್ಲ, ಅದು."

"ಅಮ್ಮ ಕೇಳಿದ್ಲು," ಅಂದ ಸೆನೊ ಮೆಲ್ಲಗೆ. "ಕೊಟ್ಟೆ. ಏನಕ್ಕೆ ಅಂತ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ?"

ಆ ಕಡೆ ಇನ್ನೊಂದು ಮೂಟೆ ಬಿದ್ದ ಸದ್ದಾಯಿತು. ಲಸ್ತ್ರಿ ಫೋನು ಇಟ್ಟಳು. ಮೈಯೆಲ್ಲ ಕೆಂಡವಾಗಿತ್ತು. ಅಳು ಬರುತ್ತದೆ ಎಂದು ಕಾದಳು, ಬರಲಿಲ್ಲ, ಹಸಿವು ಬಂತು. ಮನೆಗೆ ಹೋದವಳೇ ಕಟ್ಟೆಯ ಮೇಲೆ ತಣ್ಣಗಾಗಿದ್ದ ಬಿಳಿ ಅನ್ನವನ್ನು ನಿಂತಲ್ಲೇ ಅಗುಳು ಬಿಡದೆ ತಿಂದಳು. ಅಮ್ಮ ಇನ್ನಷ್ಟು ಹಾಕಿದಳು. ಅದನ್ನೂ ತಿಂದಳು.

ಮರುದಿನ ಸಂಜೆ, ಮದುವೆಯ ಹಿಂದಿನ ದಿನದ ಮಿದೊದರೆನಿ ಶಾಸ್ತ್ರಕ್ಕೆ, ಗಂಡಿನ ಕಡೆಯವರು ತಟ್ಟೆ ತಟ್ಟೆ ಉಡುಗೊರೆ ಹೊತ್ತು ಬಂದರು. ಸೆನೊ ಜಗಲಿಯ ಚಾಪೆಯ ಮೇಲೆ ಕೂತ. ಅವತ್ತು ಮದುಮಗ ಒಳಗೆ ಬರುವಂತಿಲ್ಲ, ಹುಡುಗಿಯನ್ನು ನೋಡುವಂತಿಲ್ಲ. ಬಂದವರೆಲ್ಲ ಹೊಟ್ಟೆ ಬಿರಿಯ ಉಂಡರೂ ಅವನಿಗೆ ಸಿಗುವುದು ಒಂದು ಲೋಟ ನೀರು ಮಾತ್ರ. ಕರ್ಸೊ ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಎಡಗೈಯಿಂದಲೇ ಆ ನೀರು ತಂದು ಅವನ ಮುಂದಿಟ್ಟ. ಸೆನೊ ತಲೆ ಎತ್ತಲಿಲ್ಲ.

ಒಳಕೋಣೆಯಲ್ಲಿ ಹರ್ತಿನಿಯಮ್ಮ ಕೆಬಾಯ ಬಿಚ್ಚಿ ಹರಡಿದರು. ಹಾಲಿನ ಕೆನೆಯಂಥ ಬಿಳುಪು, ತುಂಬ ಮಣಿ ಕೆಲಸ, ನಿಜಕ್ಕೂ ಚೆಂದವಿತ್ತು. ಲಸ್ತ್ರಿ ತೋಳು ತೂರಿಸಿದಳು. ಚಿಕ್ಕಮ್ಮ ಕೊಕ್ಕೆ ಹಾಕಲು ಬಂದಳು. ಎದೆಯ ಹತ್ತಿರದ್ದು ಹೇಗೋ ಕೂಡಿತು. ಹೊಟ್ಟೆಯ ಹತ್ತಿರ ಎರಡು ಅಂಚಿನ ನಡುವೆ ಒಂದು ಅಂಗೈ ಹಿಡಿಯುವಷ್ಟು ಜಾಗ ಉಳಿಯಿತು. ಚಿಕ್ಕಮ್ಮ ಎಳೆದಳು. ಮೊಣಕಾಲು ಕೊಟ್ಟು ಎಳೆದಳು.

"ನೀನಲ್ಲವೇನೇ ನಂಗೆ ಮಾತು ಕೊಟ್ಟಿದ್ದು?" ಎಂದರು ಹರ್ತಿನಿಯಮ್ಮ ಚಿಕ್ಕಮ್ಮನಿಗೆ.

"ಇವಳು ಕದ್ದು ತಿಂದಿದಾಳೆ ಅಕ್ಕಾವ್ರೇ! ಇಳೀತಾ ಇತ್ತು, ಬೇಕಾದ್ರೆ ಕೂಟದವರನ್ನ ಕೇಳಿ!"

"ಕದ್ದು ಯಾಕೆ ತಿನ್ನಲಿ? ನಮ್ಮನೆ ಅನ್ನ," ಅಂದಳು ಲಸ್ತ್ರಿ.

ಹರ್ತಿನಿಯಮ್ಮ ಅವಳ ಮುಖವನ್ನು ನೋಡದೆ, ಸೊಂಟವನ್ನೇ ನೋಡುತ್ತಾ ಹೇಳಿದರು. "ಆಯ್ತು ಬಿಡು. ನಾಳೆ ಸೊಂಟಪಟ್ಟಿ ಬಿಗಿದು ಕಟ್ಟೋಣ. ಇಬ್ಬರು ಹೆಂಗಸರು ಎಳೆದ್ರೆ ಕೂಡತ್ತೆ. ಕೊಕ್ಕೆ ಬೇಡ, ಮೈಮೇಲೇ ಹೊಲಿಸಿಬಿಡ್ತೀನಿ. ಎರಡು ಗಂಟೆ ಉಸಿರು ಬಿಗಿಹಿಡಿದ್ರೆ ಯಾರೂ ಸಾಯಲ್ಲ. ಇವತ್ತು ರಾತ್ರಿ ನೀರೂ ಕೊಡಬೇಡಿ ಅವಳಿಗೆ."

ಬಾಗಿಲ ಬಳಿ ನಿಂತಿದ್ದ ಸುಮಿರಾ ಏನೋ ಹೇಳಲು ಬಾಯಿ ತೆರೆದಳು. ಲಸ್ತ್ರಿ ಅಷ್ಟರಲ್ಲಿ ಕೆಬಾಯದ ತೋಳು ಕಳಚಿ, ಒಂದು ಮಣಿಯೂ ಉದುರದ ಹಾಗೆ ಮಡಚಿ, ಹರ್ತಿನಿಯಮ್ಮನ ಮಡಿಲಿಗೆ ಇಟ್ಟಿದ್ದಳು. ದಿನನಿತ್ಯದ ಹಳೇ ಅಂಗಿ ತೊಟ್ಟುಕೊಂಡಳು.

"ಅಮ್ಮಾ, ಅನ್ನ ಹಾಕು. ಕೋಳಿಸಾರು ಹಾಕು. ಮೇಲಿಂದ ಸಂಬಲ್ ಖಾರ ಹಾಕು."

"ಇವತ್ತಾ? ಮುತಿಹ್ ಕಣೇ..."

"ಹಾಕು ಅಂದ್ನಲ್ಲ!"

ಸುಮಿರಾ ಹಾಕಿದಳು. ತೊಡೆಯ ತುಂಡನ್ನೇ ಹುಡುಕಿ ಹಾಕಿದಳು. ಲಸ್ತ್ರಿ ತಟ್ಟೆ ಹಿಡಿದು ಬಾಗಿಲು ದಾಟಿದಳು. "ಏಯ್, ಹೊರಗೆ ಹುಡುಗ ಇದಾನೆ!" ಎಂದು ಚಿಕ್ಕಮ್ಮ ಕೂಗಿದ್ದು ಬೆನ್ನಿಗೆ ಬಡಿಯಿತು. ಜಗಲಿಯಲ್ಲಿ ಉಣ್ಣುತ್ತಿದ್ದವರ ಕೈ ಬಾಯಿ ಎರಡೂ ನಿಂತವು. ಯಾರೋ ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಲಸ್ತ್ರಿ ಸೆನೊನ ಎದುರಿಗೇ, ಚಾಪೆಯ ಮೇಲೆ, ಕಾಲು ಮಡಚಿ ಕೂತಳು. ಮುಖಕ್ಕೆ ಬಳಿದ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು. ಅವನು ಅವಳನ್ನು ನೋಡಿದ. ತುಂಬ ದಿನಗಳ ಮೇಲೆ ನೋಡುತ್ತಿದ್ದದ್ದರಿಂದ ಅವನ ಕಣ್ಣಲ್ಲಿ ಮೊದಲಿನ ಆ ಬೆರಗು ಒಂದು ಕ್ಷಣ ಬಂದದ್ದು ಅವಳಿಗೆ ಕಂಡಿತು. ಅದು ಕಂಡದ್ದರಿಂದಲೇ ಅವಳಿಗೆ ಇನ್ನೂ ರೇಗಿತು, ಇನ್ನೂ ಆಸೆಯಾಯಿತು.

"ನಿಮ್ಮಮ್ಮ ನನ್ನನ್ನ ಹೊಲಿದುಹಾಕ್ತಾರಂತೆ ನಾಳೆ," ಅಂದಳು. "ನೀರೂ ಕೊಡಬೇಡಿ ಅಂದ್ರು. ಕೇಳಿಸ್ತಾ?"

ಗೋಡೆ ಬಿದಿರಿನದು. ಎಲ್ಲರಿಗೂ ಕೇಳಿಸಿತ್ತು.

ಅನ್ನವನ್ನು ಸಾರಿನಲ್ಲಿ ಕಲಸಿ, ಕೋಳಿಯ ಎಸಳು ಬಿಡಿಸಿ ಸೇರಿಸಿ, ಅವಳು ಒಂದು ತುತ್ತು ಕಟ್ಟಿದಳು. ಗಂಡು ಹೆಣ್ಣು ಒಬ್ಬರಿಗೊಬ್ಬರು ತುತ್ತು ಕೊಡುವುದು ನಾಳೆ, ಪೀಠದ ಮೇಲೆ, ಎಲ್ಲರ ಎದುರಿಗೆ, ಕ್ಯಾಮೆರಾದ ಮುಂದೆ. ಲಸ್ತ್ರಿ ಇವತ್ತೇ ಕೈ ಚಾಚಿದಳು. ಸಾರು ಅವಳ ಬೆರಳ ಸಂದಿಯಿಂದ ಚಾಪೆಗೆ ತೊಟ್ಟಿಕ್ಕಿತು.

"ತಿನ್ನು ಸೆನೊ."

ಬೆಳಿಗ್ಗೆಯಿಂದ ಅವನೂ ಏನೂ ತಿಂದಿರಲಿಲ್ಲ. ತುಟಿ ಸ್ವಲ್ಪ ತೆರೆಯಿತು. ಆಮೇಲೆ ಅವನ ಕಣ್ಣು ಅವಳ ಹೆಗಲ ಮೇಲಿಂದ ಹಾಯ್ದು ಬಾಗಿಲ ಕಡೆ ಹೋಯಿತು. ಅಲ್ಲಿ ಹರ್ತಿನಿಯಮ್ಮ ಕೆಬಾಯವನ್ನು ಎದೆಗವಚಿಕೊಂಡು ನಿಂತಿದ್ದರು. ಸೆನೊ ತಾಯಿಯನ್ನು ನೋಡುತ್ತಲೇ ಇದ್ದ.

ಸಾರು ತೊಟ್ಟಿಕ್ಕುವುದು ನಿಲ್ಲುವವರೆಗೆ ಲಸ್ತ್ರಿಯ ಕೈ ಅಲ್ಲೇ ಇತ್ತು. ಆಮೇಲೆ ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು ಆ ತುತ್ತನ್ನು ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಉಪ್ಪು, ಖಾರ, ತೆಂಗಿನ ಹಾಲು ಎಲ್ಲ ನಾಲಿಗೆಗೆ ಒಟ್ಟಿಗೇ ಬಂದು ಕಣ್ಣಲ್ಲಿ ನೀರು ತುಂಬಿತು. ಅವಳು ಒರೆಸಿಕೊಳ್ಳದೆ ಇನ್ನೊಂದು ತುತ್ತು ಕಟ್ಟಿದಳು.

ಯಾರೂ ಏಳಲಿಲ್ಲ. ಕರ್ಸೊ ಮಾತ್ರ ಬಂದು ಮಗಳ ಪಕ್ಕ ಕೂತ. ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯಿಂದ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದ. ಅಭ್ಯಾಸವಿಲ್ಲದ ಕೈ, ಅರ್ಧ ಚಾಪೆಗೆ ಚೆಲ್ಲಿತು.